ಎರಡನೇ ಪತ್ರ ಬರೆಯುವವರು

ಎಲ್ಲರಿಗೂ ನಮಸ್ಕಾರ.

ಕ್ಯಾಂಪಸ್ ಸಂದರ್ಶನಗಳು ಹತ್ತಿರ ಬಂದಾಗ ಅಂತಿಮ ವರ್ಷದವರಿಗೆ ಒಂದು ತರಬೇತಿ ಇಟ್ಟೇ ಇಡುತ್ತಾರೆ. ಅಲ್ಲಿ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: ಧೈರ್ಯವಾಗಿ ಮಾತಾಡಿ, ಎಲ್ಲರ ಜೊತೆ ಬೆರೆಯಿರಿ, ನೆಟ್‌ವರ್ಕ್ ಬೆಳೆಸಿ. ಹಿಂದಿನ ಸಾಲಿನಲ್ಲಿ ಕೂತವರು ಅದನ್ನು ಕೇಳಿಸಿಕೊಂಡು, ಇದು ನಮ್ಮಿಂದ ಆಗುವಂಥದ್ದಲ್ಲ ಅಂತ ಅಲ್ಲೇ ತೀರ್ಮಾನ ಮಾಡಿಬಿಡುತ್ತಾರೆ. ಇವತ್ತು ನಾನು ಮಾತಾಡಬೇಕೆಂದು ಬಂದಿರುವುದು ಆ ಹಿಂದಿನ ಸಾಲಿನವರ ಜೊತೆ. ಮುಂದಿನ ಸಾಲಿನವರೂ ಕೇಳಬಹುದು, ನಷ್ಟವೇನಿಲ್ಲ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಉದ್ಯೋಗಕ್ಕೆ ನೆರವಾಗುವ ಪರಿಚಯ ಗಟ್ಟಿಯಾಗುವುದು ಎರಡನೇ ಪತ್ರದಲ್ಲಿ. ಪತ್ರ ಅಂದರೆ ಇಮೇಲ್ ಇರಬಹುದು, ಲಿಂಕ್ಡ್‌ಇನ್ ಸಂದೇಶ ಇರಬಹುದು, ವಾಟ್ಸ್‌ಆ್ಯಪ್‌ನಲ್ಲಿ ಮೂರು ಸಾಲು ಇರಬಹುದು. ಮೊದಲ ಸಲ ಮಾತಾಡಿಸುವುದಕ್ಕೆ ಬಾಯಿ ಬೇಕು, ಒಪ್ಪುತ್ತೇನೆ. ಎರಡನೇ ಸಲ ಬರೆಯುವುದಕ್ಕೆ ಬೇಕಾದದ್ದು ನೆನಪು, ತಾಳ್ಮೆ, ಕೇಳಿದ್ದನ್ನು ಮಾಡಿ ತೋರಿಸುವ ಗುಣ. ಇವು ಸಂಕೋಚದ ಸ್ವಭಾವದವರಲ್ಲಿ ಧಾರಾಳವಾಗಿರುತ್ತವೆ. ಆದರೂ ಅವರು ಬರೆಯುವುದಿಲ್ಲ. ಸುಮ್ಮನೆ ತೊಂದರೆ ಕೊಟ್ಟಂತಾಗುತ್ತದಲ್ಲ ಎಂಬ ದಾಕ್ಷಿಣ್ಯ ಕೈ ಹಿಡಿದು ನಿಲ್ಲಿಸುತ್ತದೆ.

ಸಂಕೋಚ ಬೇರೆ, ಅಂತರ್ಮುಖಿ ಸ್ವಭಾವ ಬೇರೆ ಎಂಬುದನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಸಂಕೋಚದಲ್ಲಿ ಭಯವಿದೆ: ನಾಲ್ಕು ಜನ ಏನಂದುಕೊಳ್ಳುತ್ತಾರೋ ಎಂಬ ಭಯ. ಅಂತರ್ಮುಖಿಗೆ ಭಯವೇ ಇರಬೇಕೆಂದಿಲ್ಲ, ಗದ್ದಲದಲ್ಲಿ ಅವರು ಬೇಗ ದಣಿಯುತ್ತಾರೆ ಅಷ್ಟೇ. ಭಯಕ್ಕೆ ಅಭ್ಯಾಸ ಬೇಕು, ದಣಿವಿಗೆ ಬಿಡುವು ಬೇಕು. ನಿಮ್ಮಲ್ಲಿ ಯಾವುದು ಎಷ್ಟಿದೆ ಎಂದು ನೋಡಿಕೊಳ್ಳಿ. ಹಲವರಲ್ಲಿ ಎರಡೂ ಇರುತ್ತವೆ.

ಈಗ ಒಂದು ಅಧ್ಯಯನ. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಬಾಸ್ಟನ್ ಪಕ್ಕದ ನ್ಯೂಟನ್ ಎಂಬ ಊರಿನಲ್ಲಿ, ಹೊಸ ಕೆಲಸ ಹಿಡಿದವರಿಗೆ ಆ ಕೆಲಸ ಹೇಗೆ ಸಿಕ್ಕಿತು ಎಂದು ಕೇಳಿದರು. ಪರಿಚಯದವರ ಮೂಲಕ ಕೆಲಸ ಪಡೆದವರಲ್ಲಿ, ಆ ಪರಿಚಯದವರನ್ನು ಆಗಾಗ, ಅಂದರೆ ವಾರಕ್ಕೆ ಎರಡು ಸಲವಾದರೂ ನೋಡುತ್ತಿದ್ದವರು 16.7 ಶೇಕಡಾ ಮಾತ್ರ. ಅಪರೂಪಕ್ಕೆ ಎಂದರೆ ವರ್ಷಕ್ಕೊಮ್ಮೆಯೋ ಅದಕ್ಕಿಂತ ಕಡಿಮೆಯೋ ನೋಡುತ್ತಿದ್ದವರೇ 27.8 ಶೇಕಡಾ. ಉಳಿದವರು ಇವೆರಡರ ನಡುವೆ. ಇದನ್ನು ಅವರು 1973ರಲ್ಲಿ ಪ್ರಕಟಿಸಿದರು. ಕಾರಣ ಸರಳವಾಗಿದೆ. ನಿಮ್ಮ ರೂಮ್‌ಮೇಟ್‌ಗೆ ಗೊತ್ತಿರುವ ಕಂಪನಿಗಳೇ ನಿಮಗೂ ಗೊತ್ತು. ಹೊಸ ಸುದ್ದಿ ಬರಬೇಕಾದರೆ ಬೇರೆ ಕಡೆ ಓಡಾಡುವವರಿಂದಲೇ ಬರಬೇಕು. 2022ರಲ್ಲಿ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆದ ಅಧ್ಯಯನವೊಂದು ಸೈನ್ಸ್ ಪತ್ರಿಕೆಯಲ್ಲಿ ಬಂತು. ಅದೂ ಹತ್ತಿರ ಹತ್ತಿರ ಇದನ್ನೇ ಹೇಳಿತು, ಒಂದು ತಿದ್ದುಪಡಿಯೊಂದಿಗೆ: ತೀರಾ ತೆಳುವಾದ ನಂಟಿನವರಿಗಿಂತ ಅಲ್ಪಸ್ವಲ್ಪ ನಂಟಿರುವವರು ಹೆಚ್ಚು ಪ್ರಯೋಜನಕ್ಕೆ ಬರುತ್ತಾರೆ.

ಸಂಕೋಚದವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಡ. ಹೊಸಬರ ಹಿಂದೆ ಓಡಬೇಕಾಗಿಲ್ಲ. ಎರಡು ಮೂರು ವರ್ಷ ಹಿರಿಯರು, ಹಾಸ್ಟೆಲಿನಲ್ಲಿ ಎದುರು ಕೋಣೆಯಲ್ಲಿದ್ದವರು, ಇಂಟರ್ನ್‌ಶಿಪ್‌ನಲ್ಲಿ ಕೆಲಸ ಹೇಳಿಕೊಟ್ಟವರು, ಪ್ರಾಜೆಕ್ಟ್ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು. ಇವತ್ತು ರಾತ್ರಿ ಕೂತು ಇಂಥ 20 ಹೆಸರು ಬರೆಯಿರಿ, ಸಾಕು.

ಈ ದಾರಿಯನ್ನು ತೋರಿಸಲು ನನಗೆ ಶ್ರೀನಿವಾಸ ರಾಮಾನುಜನ್ ಅವರಿಗಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ. ಅವರ ಗಣಿತ ನಮಗೆ ಎಟುಕುವಂಥದ್ದಲ್ಲ, ಬಿಡಿ. ನಾನು ಹೇಳುವುದು ಅವರು ನಡೆದ ದಾರಿ. ಕಾಲೇಜು ಪರೀಕ್ಷೆಯಲ್ಲಿ ನಪಾಸಾದ, ಸಂಕೋಚದ, ಮಾತು ಕಡಿಮೆಯ ಯುವಕ. 1910ರಲ್ಲಿ ತಿರುಕ್ಕೋವಿಲೂರಿಗೆ ಹೋಗಿ ಅಲ್ಲಿನ ಡೆಪ್ಯುಟಿ ಕಲೆಕ್ಟರ್ ವಿ. ರಾಮಸ್ವಾಮಿ ಅಯ್ಯರ್ ಅವರ ಬಳಿ ಗುಮಾಸ್ತೆ ಕೆಲಸ ಕೇಳಿದರು. ಅಯ್ಯರ್ ಅವರು ಭಾರತೀಯ ಗಣಿತ ಸಂಘವನ್ನು ಕಟ್ಟಿದವರು. ರಾಮಾನುಜನ್ ಅವರ ಕೈಯಲ್ಲಿ ಇದ್ದದ್ದು ನೋಟುಪುಸ್ತಕ. ಅದನ್ನು ನೋಡಿದ ಅಯ್ಯರ್, ಇವರನ್ನು ಕಂದಾಯ ಇಲಾಖೆಯ ಕೆಳಮೆಟ್ಟಿಲಲ್ಲಿ ಕೂರಿಸಲಾರೆ ಎಂದು ಪರಿಚಯಪತ್ರ ಕೊಟ್ಟು ಮದರಾಸಿಗೆ ಕಳಿಸಿದರು. ಅಲ್ಲಿ ಶೇಷು ಅಯ್ಯರ್, ಹಿಂದೆ ಕುಂಭಕೋಣದಲ್ಲಿ ಪಾಠ ಹೇಳಿದ್ದವರು. ಹಳೆಯ ಮೇಷ್ಟ್ರು, ನಂಟು ತೆಳುವಾಗಿತ್ತು. ಅವರ ಮೂಲಕ ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್.

ರಾವ್ ಅವರ ಮುಂದೆ ನಡೆದದ್ದನ್ನು ಗಮನಿಸಿ. ರಾಮಾನುಜನ್ ಮೊದಲೇ ಕಠಿಣವಾದದ್ದನ್ನು ತೆರೆಯಲಿಲ್ಲ. ರಾವ್ ಅವರಿಗೆ ಅರ್ಥವಾಗುವ ಸುಲಭದ ಫಲಿತಾಂಶಗಳನ್ನು ಮೊದಲು ತೋರಿಸಿ, ಅವರ ಅನುಮಾನ ಕರಗಿದ ಮೇಲೆ ಹಂತಹಂತವಾಗಿ ಮೇಲಕ್ಕೆ ಕರೆದೊಯ್ದರು. ನಿಮಗೇನು ಬೇಕು ಎಂದು ಕೇಳಿದಾಗ, ಸಂಶೋಧನೆ ಮುಂದುವರಿಸಲು ಹೊಟ್ಟೆಗಾಗುವಷ್ಟು ಸಿಕ್ಕರೆ ಸಾಕು ಎಂದರು. ತಿಂಗಳಿಗೆ 25 ರೂಪಾಯಿ ಸಿಕ್ಕಿತು. 1912ರಲ್ಲಿ ಮದರಾಸು ಪೋರ್ಟ್ ಟ್ರಸ್ಟಿನಲ್ಲಿ 30 ರೂಪಾಯಿಯ ಗುಮಾಸ್ತೆ ಕೆಲಸ. 1913ರ ಜನವರಿ 16ರಂದು ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಯವರಿಗೆ ಪತ್ರ. ಅದಕ್ಕೆ ಮೊದಲು ಬರೆದ ಪತ್ರಗಳು ಫಲ ಕೊಟ್ಟಿರಲಿಲ್ಲ ಎಂಬುದನ್ನೂ ನೆನಪಿಡಿ. ಈ ಪತ್ರದಲ್ಲಿ ತಾನು ಯಾರು, ಎಲ್ಲಿ ಕೆಲಸ, ಸಂಬಳ ಎಷ್ಟು ಎಂದು ಮೊದಲ ಸಾಲಲ್ಲೇ ಹೇಳಿದ್ದಾರೆ. ಜೊತೆಗೆ ಪುಟಗಟ್ಟಲೆ ಫಲಿತಾಂಶಗಳು.

ಎಲ್ಲರೂ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಖ್ಯವಾದದ್ದು ಮುಂದಿನದು. ಹಾರ್ಡಿಯ ಉತ್ತರ ಫೆಬ್ರುವರಿ 8ರದ್ದು, ಫಲಿತಾಂಶಗಳಿಗೆ ಪುರಾವೆ ಕಳಿಸಿ ಎಂದು. ಅದು ಹಡಗಿನಲ್ಲಿ ಬಂದು ತಲುಪಿ, ಫೆಬ್ರುವರಿ 27ಕ್ಕೆಲ್ಲ ರಾಮಾನುಜನ್ ಎರಡನೇ ಪತ್ರ ಬರೆದಾಗಿತ್ತು. ಅದರಲ್ಲಿ ಸಂಕೋಚ ಬಿಟ್ಟು ಕೇಳಿದ್ದಾರೆ: ನಾನು ಅರೆಹೊಟ್ಟೆಯಲ್ಲಿದ್ದೇನೆ, ನಿಮ್ಮಿಂದ ಒಂದು ಸಹಾನುಭೂತಿಯ ಪತ್ರ ಬಂದರೆ ಇಲ್ಲಿ ವಿಶ್ವವಿದ್ಯಾಲಯದಿಂದಲೋ ಸರ್ಕಾರದಿಂದಲೋ ವಿದ್ಯಾರ್ಥಿವೇತನ ಪಡೆಯಲು ಸಹಾಯವಾಗುತ್ತದೆ. ಎಷ್ಟು ಸ್ಪಷ್ಟ ನೋಡಿ. ಏನು ಬೇಕು, ಯಾವುದಕ್ಕೆ ಬೇಕು, ಅದರಿಂದ ಯಾರ ಹತ್ತಿರ ಏನಾಗುತ್ತದೆ. ಮೊದಲ ಪತ್ರದಲ್ಲಿ ಕೆಲಸ ತೋರಿಸಿದ್ದಕ್ಕೆ ಎರಡನೆಯದರಲ್ಲಿ ಕೇಳುವ ಹಕ್ಕು ಬಂತು. ಹಾರ್ಡಿಯ ಆಸಕ್ತಿ, ಹವಾಮಾನ ಇಲಾಖೆಯ ಗಿಲ್ಬರ್ಟ್ ವಾಕರ್ ಅವರ ಶಿಫಾರಸು ಎರಡೂ ಸೇರಿ ಮದರಾಸು ವಿಶ್ವವಿದ್ಯಾಲಯ ತಿಂಗಳಿಗೆ 75 ರೂಪಾಯಿ ಕೊಟ್ಟಿತು. 1914ರ ಮಾರ್ಚ್ 17ಕ್ಕೆ ಇಂಗ್ಲೆಂಡಿನ ಹಡಗು ಹತ್ತಿದರು. ಈ ಕಥೆ ಹಿಡಿದರೆ ಬಿಡುವುದು ಕಷ್ಟ, ಸಮಯ ಓಡುತ್ತಿದೆ.

ನಿಮ್ಮ ಮೊದಲ ಸಂದೇಶ ಹೇಗಿರಬೇಕು? ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿನಿಯೊಬ್ಬಳು ಬರೆಯುತ್ತಾಳೆ ಅಂತಿಟ್ಟುಕೊಳ್ಳಿ. ಚಿಪ್ ವೆರಿಫಿಕೇಶನ್ ಅಂದರೆ ಚಿಪ್‌ನ ವಿನ್ಯಾಸ ಸರಿಯಿದೆಯೇ ಎಂದು ಪರೀಕ್ಷಿಸುವ ಕೆಲಸ. ಸಿಸ್ಟಮ್‌ವೆರಿಲಾಗ್ ಅದಕ್ಕೆ ಬಳಸುವ ಭಾಷೆ, ಟೆಸ್ಟ್‌ಬೆಂಚ್ ಪರೀಕ್ಷೆ ನಡೆಸುವ ಪ್ರೋಗ್ರಾಂ, ಯುವಿಎಂ ಅದನ್ನು ಬರೆಯುವ ಒಂದು ಪದ್ಧತಿ, ಅಸರ್ಷನ್ ಎಂದರೆ ತಪ್ಪಾದರೆ ಎಚ್ಚರಿಸುವ ನಿಯಮ, ಫೈಫೋ ಎಂದರೆ ಮೊದಲು ಬಂದ ದತ್ತಾಂಶವನ್ನು ಮೊದಲು ಹೊರಬಿಡುವ ಸರ್ಕ್ಯೂಟ್. 'ನಮಸ್ಕಾರ. ನಾನು ನೀವು ಓದಿದ ಕಾಲೇಜಿನಲ್ಲೇ ಅಂತಿಮ ವರ್ಷದಲ್ಲಿದ್ದೇನೆ. ನೀವು ಚಿಪ್ ವೆರಿಫಿಕೇಶನ್ ಕೆಲಸದಲ್ಲಿರುವುದನ್ನು ಪ್ರೊಫೈಲ್‌ನಲ್ಲಿ ನೋಡಿದೆ. ನಾನು ಸಿಸ್ಟಮ್‌ವೆರಿಲಾಗ್ ಕಲಿತು ಒಂದು ಚಿಕ್ಕ ಫೈಫೋಗೆ ಟೆಸ್ಟ್‌ಬೆಂಚ್ ಬರೆದಿದ್ದೇನೆ. ಮುಂದೆ ಯುವಿಎಂ ಹಿಡಿಯಲೋ, ಮೊದಲು ಅಸರ್ಷನ್‌ಗಳನ್ನು ಗಟ್ಟಿ ಮಾಡಿಕೊಳ್ಳಲೋ? ಬಿಡುವಾದಾಗ ಒಂದು ಸಾಲು ಬರೆದರೆ ಸಾಕು.' ಇಷ್ಟೇ. ನಂಟು ಯಾವುದು, ಕೈಯಲ್ಲಿ ಯಾವ ಕೆಲಸವಿದೆ, ಎರಡು ನಿಮಿಷದಲ್ಲಿ ಉತ್ತರಿಸಬಹುದಾದ ಒಂದೇ ಪ್ರಶ್ನೆ, ಮತ್ತು ಅವಸರವಿಲ್ಲ ಎಂಬ ಮಾತು. ಎದುರಿನವರು ಕನ್ನಡಿಗರೆಂದು ಗೊತ್ತಿದ್ದರೆ ಕನ್ನಡದಲ್ಲೇ ಬರೆಯಿರಿ. ಲಿಂಕ್ಡ್‌ಇನ್‌ನ ಉಚಿತ ಖಾತೆಯಲ್ಲಿ ಕನೆಕ್ಷನ್ ಕೋರಿಕೆಯ ಜೊತೆ ಬರೆಯುವ ಟಿಪ್ಪಣಿಗೆ ಜಾಗ ಚಿಕ್ಕದು, ತಿಂಗಳಿಗೆ ಕೆಲವೇ ಟಿಪ್ಪಣಿಗೆ ಅವಕಾಶ. ಅಲ್ಲಿ ನಂಟನ್ನು ಮಾತ್ರ ಹೇಳಿ, ಅವರು ಒಪ್ಪಿಕೊಂಡ ಮೇಲೆ ಉಳಿದದ್ದು.

ಎಡವುವುದು ಎಲ್ಲಿ? 'ಹಾಯ್ ಸರ್' ಎಂದು ಕಳಿಸಿ ಉತ್ತರಕ್ಕೆ ಕಾಯುವುದು. ಅದಕ್ಕೆ ಏನೆಂದು ಉತ್ತರಿಸಬೇಕೆಂದು ಅವರಿಗೂ ತಿಳಿಯುವುದಿಲ್ಲ. 'ಎಲ್ಲಾದರೂ ಕೆಲಸವಿದ್ದರೆ ಹೇಳಿ' ಎನ್ನುವುದು ಇನ್ನೊಂದು. ಹುಡುಕುವ ಭಾರವನ್ನೆಲ್ಲ ಅವರ ಮೇಲೆ ಹೊರಿಸಿದಂತೆ. ಒಂದೇ ಸಂದೇಶವನ್ನು ನೂರು ಜನಕ್ಕೆ ಅಂಟಿಸಿದರೆ ಓದಿದವರಿಗೆ ತಕ್ಷಣ ಗೊತ್ತಾಗುತ್ತದೆ. ವಾರವಾದರೂ ಉತ್ತರವಿಲ್ಲದಿದ್ದರೆ ಒಂದು ಸಲ ನೆನಪಿಸಿ, ಆಮೇಲೆ ಬಿಟ್ಟುಬಿಡಿ. ಉತ್ತರ ಬರಲಿಲ್ಲ ಎಂದರೆ ಅವರಿಗೆ ಬಿಡುವಿಲ್ಲ ಎಂದೇ ತಿಳಿಯಿರಿ. ಸಂಕೋಚದವರು ಇಲ್ಲಿ ಬೇಗ ಮನಸ್ಸು ಮುದುಡಿಕೊಳ್ಳುತ್ತಾರೆ, ಹಾಗಾಗಿ ಒತ್ತಿ ಹೇಳುತ್ತಿದ್ದೇನೆ.

ಉತ್ತರ ಬಂತು ಅನ್ನಿ. 'ಥ್ಯಾಂಕ್ಯೂ' ಎಂದು ಕಳಿಸಿ ಬಹುತೇಕರು ಮರೆಯುತ್ತಾರೆ. ನೀವು ಮೂರು ವಾರ ಬಿಟ್ಟು ಬರೆಯಿರಿ: 'ನೀವು ಹೇಳಿದಂತೆ ಅಸರ್ಷನ್ ಕಲಿತೆ. ಫೈಫೋ ತುಂಬಿದ ಮೇಲೂ ಬರೆಯಲು ಬಿಡುತ್ತಿದ್ದ ದೋಷ ಅದರಿಂದಲೇ ಸಿಕ್ಕಿತು.' ಈ ಎರಡನೇ ಪತ್ರ ಬಂದ ಗಳಿಗೆಯಲ್ಲಿ, ಸಲಹೆ ಕೊಟ್ಟವರ ಲೆಕ್ಕದಲ್ಲಿ ನೀವು ನೂರರಲ್ಲಿ ಒಬ್ಬರಾಗಿ ಉಳಿಯುವುದಿಲ್ಲ. ಮುಂದೆ ಅವರ ಟೀಮಿನಲ್ಲಿ ಜಾಗ ಖಾಲಿಯಾದಾಗ ನಿಮ್ಮ ಹೆಸರು ತಾನಾಗಿ ನೆನಪಾಗುತ್ತದೆ.

ರೆಫರಲ್, ಅಂದರೆ ಕಂಪನಿಯ ಒಳಗಿರುವವರು ನಿಮ್ಮ ಹೆಸರನ್ನು ಸೂಚಿಸುವುದು, ಅದನ್ನು ಕೇಳುವುದು ಇದಾದ ಮೇಲೆ. ಅದಕ್ಕೂ ಕ್ರಮವಿದೆ. ಕಂಪನಿಯ ಜಾಲತಾಣದಲ್ಲಿ ಆ ಹುದ್ದೆಯ ಜಾಬ್ ಐಡಿ ಹುಡುಕಿ. ಐಡಿ, ಪಿಡಿಎಫ್ ರೆಸ್ಯೂಮೆ, ಆ ಹುದ್ದೆಗೆ ನೀವು ಯಾಕೆ ಸರಿ ಎಂಬ ಮೂರು ಸಾಲು, ಮೂರನ್ನೂ ಒಟ್ಟಿಗೆ ಕಳಿಸಿ. ಅವರು ತಮ್ಮ ಪೋರ್ಟಲಿನಲ್ಲಿ ಅದನ್ನೇ ತುಂಬಬೇಕಾಗುತ್ತದೆ. ಮುಖ್ಯವಾದದ್ದು: ನೀವೇ ಮೊದಲು ಅರ್ಜಿ ಹಾಕಿಬಿಟ್ಟರೆ ಅನೇಕ ಕಂಪನಿಗಳಲ್ಲಿ ಕೆಲವು ತಿಂಗಳು ನಿಮ್ಮ ಹೆಸರಿಗೆ ರೆಫರಲ್ ಹಾಕಲು ಬರುವುದಿಲ್ಲ. ಆದ್ದರಿಂದ ಮೊದಲು ಕೇಳಿ, ಆಮೇಲೆ ಅರ್ಜಿ. ಮತ್ತೆ, ಇದನ್ನು ಭಿಕ್ಷೆ ಎಂದುಕೊಳ್ಳಬೇಡಿ. ಉದ್ಯೋಗಿ ಸೂಚಿಸಿದ ಅಭ್ಯರ್ಥಿ ಆಯ್ಕೆಯಾದರೆ ಆ ಉದ್ಯೋಗಿಗೆ ಬೋನಸ್ ಕೊಡುವ ಕಂಪನಿಗಳು ಬಹಳ ಇವೆ. ಒಳ್ಳೆಯ ಅಭ್ಯರ್ಥಿ ಅವರಿಗೂ ಬೇಕು.

ಇದಕ್ಕೆಲ್ಲ ಒಂದು ಪುಸ್ತಕ ಇಡಿ, ಸ್ಪ್ರೆಡ್‌ಶೀಟ್ ಆದರೂ ಸರಿ. ಹೆಸರು, ನಂಟು, ಕೊನೆಗೆ ಬರೆದ ತಾರೀಕು, ಅವರು ಹೇಳಿದ್ದು, ನಾನು ತಿಳಿಸಬೇಕಾದದ್ದು. ಕೊನೆಯ ಕಾಲಂ ಬಹಳ ಮುಖ್ಯ, ಎರಡನೇ ಪತ್ರ ಹುಟ್ಟುವುದು ಅಲ್ಲಿಂದ. ವಾರಕ್ಕೆ ಎರಡು ಸಲ ಹದಿನೈದು ನಿಮಿಷ ಸಾಕು.

ಸಭೆ, ಮೀಟಪ್‌ಗಳಿಗೆ ಹೋಗಲೇಬೇಕಾ? ಬೆಂಗಳೂರಿನಲ್ಲಿ ಪೈಥಾನ್ ಬಳಸುವವರ ಬ್ಯಾಂಗ್‌ಪೈಪರ್ಸ್, ಮುಕ್ತ ತಂತ್ರಾಂಶದವರ ಫಾಸ್ ಯುನೈಟೆಡ್ ಇಂಥವು ಸಭೆ ನಡೆಸುತ್ತಿರುತ್ತವೆ. ಹೋಗುವುದಾದರೆ ಕಾಲು ಗಂಟೆ ಮೊದಲೇ ಹೋಗಿ. ಮುಹೂರ್ತಕ್ಕೆ ಮೊದಲು ಛತ್ರಕ್ಕೆ ಬಂದವರನ್ನು ಮನೆಯವರೇ ಮಾತಾಡಿಸುವಂತೆ, ಆಗ ನಾಲ್ಕೈದೇ ಜನ ಇರುತ್ತಾರೆ, ಅವರೇ ನಿಮ್ಮನ್ನು ಮಾತಾಡಿಸುತ್ತಾರೆ. ತಡವಾಗಿ ಹೋದರೆ ಗುಂಪುಗಳು ಆಗಲೇ ಕೂಡಿಬಿಟ್ಟಿರುತ್ತವೆ, ಒಳಗೆ ನುಸುಳುವುದು ಎಂಥವರಿಗೂ ಕಷ್ಟ. ಇನ್ನೂ ಒಳ್ಳೆಯ ದಾರಿ ಸ್ವಯಂಸೇವಕರಾಗುವುದು. ನೋಂದಣಿ ಮೇಜಿನ ಹಿಂದೆ ಕೂತರೆ ಮಾತಾಡಲು ವಿಷಯ ಹುಡುಕಬೇಕಿಲ್ಲ, ಹೆಸರು ಕೇಳುವುದೇ ಕೆಲಸ. ಇಬ್ಬರನ್ನು ಸರಿಯಾಗಿ ಮಾತಾಡಿಸಿ, ದಣಿವಾದರೆ ಎದ್ದು ಬನ್ನಿ. ಮರುದಿನ ಆ ಇಬ್ಬರಿಗೂ ಬರೆಯಿರಿ.

ಕೆಲಸಕ್ಕೆ ಸೇರಿದ ಮೇಲಿನ ಮಾತು ಇನ್ನೂ ಬಹಳ ಇತ್ತು, ಗಡಿಯಾರ ಬಿಡುತ್ತಿಲ್ಲ. ಎರಡನ್ನು ಹೇಳುತ್ತೇನೆ. ನನ್ನ ಕೆಲಸ ನೋಡಿ ಅವರೇ ಗುರುತಿಸುತ್ತಾರೆ ಎಂದು ಕಾಯಬೇಡಿ, ಮ್ಯಾನೇಜರಿಗೆ ಎಲ್ಲರ ಕೆಲಸವೂ ಕಾಣುವುದಿಲ್ಲ. ಪ್ರತಿ ತಿಂಗಳ ಕೊನೆಗೆ ಏನು ಮಾಡಿದೆ, ಯಾರಿಗೆ, ಅದರಿಂದ ಏನು ಬದಲಾಯಿತು ಎಂದು ಐದು ಸಾಲು ಬರೆದು ಅವರಿಗೆ ಕಳಿಸಿ. ವರ್ಷ ಮಾರ್ಚಿಗೆ ಮುಗಿಯುವ ಕಡೆ, ಅಪ್ರೈಸಲ್, ಅಂದರೆ ವರ್ಷದ ಕೆಲಸದ ಮೌಲ್ಯಮಾಪನದ ಫಾರಂ ತುಂಬುವಾಗ ಹಿಂದಿನ ಏಪ್ರಿಲ್, ಮೇ ತಿಂಗಳ ಕೆಲಸ ನಿಮಗೂ ನೆನಪಿರುವುದಿಲ್ಲ. ಎರಡನೆಯದು ಮೀಟಿಂಗ್. ಅಜೆಂಡಾ ಮೊದಲೇ ತರಿಸಿಕೊಂಡು ಒಂದು ಅಂಶ ಬರೆದಿಟ್ಟುಕೊಳ್ಳಿ, ಮೊದಲ ಹತ್ತು ನಿಮಿಷದೊಳಗೆ ಅದನ್ನು ಹೇಳಿಬಿಡಿ. ಕಾದಷ್ಟೂ ಎದೆಬಡಿತ ಏರುತ್ತದೆ, ನಡುವೆ ಇನ್ಯಾರೋ ಅದನ್ನೇ ಹೇಳಿಬಿಡುತ್ತಾರೆ. ಮೀಟಿಂಗ್ ಮುಗಿದ ಮೇಲೆ ತೀರ್ಮಾನಗಳನ್ನು ಬರೆದು ಕಳಿಸುವ ಹೊಣೆ ನೀವೇ ವಹಿಸಿಕೊಳ್ಳಿ. ಹೆಚ್ಚಿನವರು ಒಲ್ಲೆ ಎನ್ನುವ ಕೆಲಸ, ಆದರೆ ಅದನ್ನು ಬರೆದವರ ಹೆಸರು ಎಲ್ಲರ ಇನ್‌ಬಾಕ್ಸಿಗೂ ಹೋಗುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಹಾಜರಿ ಹೇಳಲೂ ಗಂಟಲು ಕಟ್ಟುವುದು, ಸಂದರ್ಶನದ ಹಿಂದಿನ ದಿನಗಳಲ್ಲಿ ನಿದ್ದೆ ಬಾರದಿರುವುದು, ಭಯಕ್ಕೆ ತರಗತಿಯನ್ನೇ ತಪ್ಪಿಸುವುದು, ಇಷ್ಟಾಗುತ್ತಿದ್ದರೆ ಅದು ಸ್ವಭಾವದ ಮಾತಾಗಿ ಉಳಿದಿಲ್ಲ. ಅದಕ್ಕೆ ಚಿಕಿತ್ಸೆಯಿದೆ, ಗುಣವಾಗುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಸಂಖ್ಯೆ 14416, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಈಗ ಪ್ರಶ್ನೆಗಳು. ಎದ್ದು ನಿಂತು ಕೇಳಬೇಕೆಂದಿಲ್ಲ. ಖಾಲಿ ಚೀಟಿಗಳು ನಿಮ್ಮ ಸಾಲಿಗೆ ಬರುತ್ತಿವೆ, ಹೆಸರು ಹಾಕದೆ ಬರೆದು ಕೊಡಿ. ಮೊದಲು ಹಿಂದಿನ ಸಾಲಿನ ಚೀಟಿಗಳನ್ನು ಓದುತ್ತೇನೆ.