ಆ ‘ನಾನು’ ಯಾರು?

ಪರಿಚಯ ಮಾಡಿಕೊಟ್ಟವರು ನನ್ನ ಶರ್ಟ್ ಚೆನ್ನಾಗಿದೆ ಅಂದರು. ಥ್ಯಾಂಕ್ಸ್. ಇವತ್ತಿನ ಮಾತೆಲ್ಲ ಈ ಶರ್ಟ್ ಮೇಲೇ, ಇದನ್ನು ನನಗೆ ಮಾರಿದ ಬ್ಲಾಗಿನ ಮೇಲೇ.

ನಿದ್ದೆ ಬಾರದ ಒಂದು ರಾತ್ರಿ ಒಂದು ಬಟ್ಟೆ ಕಂಪನಿಯ ಬ್ಲಾಗ್ ಓದುತ್ತಿದ್ದೆ. ಪುಟದ ತುಂಬಾ ಖಾಲಿ ಜಾಗ. ನಡುವೆ ಒಂದೇ ಫೋಟೊ: ಸುಕ್ಕು ಬಿದ್ದ ಹೆಬ್ಬೆರಳು, ಸೂಜಿ, ಅರ್ಧ ಹೊಲಿದ ಗುಂಡಿ. ಕೆಳಗೆ ಕಂಪನಿ ಒಡತಿಯ ಬರಹ. ‘ಚಿಕ್ಕವಳಿದ್ದಾಗ ನಾನು ಅಜ್ಜಿಯ ಗುಂಡಿ ಡಬ್ಬಿ ಅಲ್ಲಾಡಿಸಿ ಸದ್ದು ಕೇಳುತ್ತಿದ್ದೆ’ ಅಂತ ಶುರು. ನಮ್ಮಜ್ಜಿ ಹತ್ತಿರಾನೂ ಅಂಥದೊಂದು ಡಬ್ಬಿ ಇತ್ತು. ನಿಮ್ಮಜ್ಜಿ ಹತ್ತಿರಾನೂ ಇತ್ತು, ಅಲ್ವಾ? ಸಿಕ್ಕಿಬಿದ್ದಿದ್ದೇ ಅಲ್ಲಿ. ಬೆಲೆ ಎಲ್ಲೂ ಕಾಣಲಿಲ್ಲ. ‘ಈಗಲೇ ಕೊಳ್ಳಿ’ ಅನ್ನೋ ಕೂಗಾಟ ಇಲ್ಲ. ಕೊನೇ ಸಾಲಿನಲ್ಲಿ ‘ಆ ನೀಲಿ ಅಂಗಿ’ ಅನ್ನೋ ಮಾತಿನ ಕೆಳಗೆ ಸಣ್ಣ ಗೆರೆ, ಅಷ್ಟೇ. ಒತ್ತಿದೆ. ಬೆಳಗಾಗೋದರೊಳಗೆ ದುಡ್ಡು ಹೋಗಿತ್ತು.

ಎರಡನೇ ಒಗೆತಕ್ಕೆ ಗುಂಡಿ ಉದುರಿತು! ‘ಮೇಡಂ, ಅಜ್ಜಿ ಡಬ್ಬಿಯಿಂದ ಒಂದು ಗುಂಡಿ ಕಳಿಸಿ’ ಅಂತ ಬರೆದೆ. ‘ಪ್ರಿಯ ಗ್ರಾಹಕರೇ, ನಿಮ್ಮ ದೂರಿನ ಸಂಖ್ಯೆ ಇಂತಿಷ್ಟು’ ಅಂತ ಉತ್ತರ ಬಂತು. ಕೆಳಗೆ ಸಹಿ: ‘ನಮ್ಮ ತಂಡ’. ಮಾರುವಾಗ ‘ನಾನು’, ದೂರು ಕೊಟ್ಟಾಗ ‘ತಂಡ’. ಹಾಗಾದರೆ ಆ ‘ನಾನು’ ಯಾರು?

ಹೀಗೆ ಕಥೆ ಹೇಳಿ ಮಾರೋದು ಬ್ಲಾಗ್ ಹುಟ್ಟಿಸಿದ ಚಾಳಿ ಅಲ್ಲ. ಅಮೆರಿಕದಲ್ಲಿ 1987ರಲ್ಲಿ ಶುರುವಾದ ಜೆ. ಪೀಟರ್‌ಮನ್ ಕಂಪನಿ ತನ್ನ ಕ್ಯಾಟಲಾಗಿನಲ್ಲಿ ಮಾಡೆಲ್‌ಗಳ ಫೋಟೊ ಹಾಕಲಿಲ್ಲ. ಕೈಯಲ್ಲಿ ಬರೆದ ಚಿತ್ರ, ಪಕ್ಕದಲ್ಲಿ ಪುಟ್ಟ ಕಥೆ. ಕುದುರೆ ಸವಾರರ ಉದ್ದ ಕೋಟು ಹಾಗೇ ಮಾರಾಟವಾಯಿತು. ಕುದುರೆ ಇಲ್ಲದವರೂ ಕೊಂಡಿರಬೇಕು, ನನಗಂತೂ ಅನುಮಾನವಿಲ್ಲ.

ಇನ್ನೊಂದು ಉದಾಹರಣೆ ಮುಖಕ್ಕೆ ಹಚ್ಚೋದರದ್ದು, ಬಟ್ಟೆಯದ್ದಲ್ಲ. ಆದರೂ ಬಿಡೋಕೆ ಮನಸ್ಸಿಲ್ಲ. ಅಮೆರಿಕದ ಎಮಿಲಿ ವೈಸ್ 2010ರಲ್ಲಿ ‘ಇನ್‌ಟು ದ ಗ್ಲಾಸ್’, ಅಂದರೆ ಹೊಳಪಿನೊಳಗೆ, ಅನ್ನೋ ಬ್ಲಾಗ್ ಶುರು ಮಾಡಿದರು. ಬೇರೆಯವರ ಬಚ್ಚಲುಮನೆ ಕಪಾಟಿನಲ್ಲಿ ಏನೇನಿದೆ ಅಂತ ತೋರಿಸೋದು. ಇಣುಕಿ ನೋಡೋ ಆಸೆ ಯಾರಿಗಿಲ್ಲ ಹೇಳಿ! ನಾಲ್ಕು ವರ್ಷ ಓದುಗರನ್ನು ಕಟ್ಟಿಕೊಂಡು, 2014ರಲ್ಲಿ ‘ಗ್ಲಾಸಿಯರ್’ ಕಂಪನಿ ತೆರೆದರು. ಶುರುವಿಗೆ ನಾಲ್ಕೇ ಸಾಮಾನು. ನಿಮಗೆಂಥ ಫೇಸ್‌ವಾಶ್ ಬೇಕು ಅಂತ ಓದುಗರನ್ನೇ ಕೇಳಿ ಆಮೇಲೆ ಅದನ್ನೂ ತಯಾರಿಸಿದರು. ನಾನು ಹೇಳೋದೂ ಇದೇ. ಅಲ್ಲಿ ‘ನಾನು’ ಅಂದವರು ಒಬ್ಬರು ನಿಜವಾಗಿ ಇದ್ದರು, ಮಾತೂ ಕೇಳಿಸಿಕೊಂಡರು. ಖಾಲಿ ಜಾಗ, ಚಂದದ ಅಕ್ಷರ, ಮಂದ ಬಣ್ಣ ಎಲ್ಲ ಆಮೇಲಿನದು. ಅದನ್ನು ಯಾರು ಬೇಕಾದರೂ ದುಡ್ಡು ಕೊಟ್ಟು ಮಾಡಿಸಬಹುದು.

ಐದು ನಿಮಿಷ ಅಂತ ಚೀಟಿ ಬಂತು. ಡಿಸೈನ್ ಬಗ್ಗೆ ಹನ್ನೆರಡು ಸ್ಲೈಡ್ ತಂದಿದ್ದೆ, ನೀವು ಬಚಾವ್. ಕಾನೂನಿನದ್ದು ಮಾತ್ರ ಒಂದು ಮಾತು. ಬ್ಲಾಗಿನಲ್ಲಿ ಹೊಗಳೋಕೆ ಕಂಪನಿಯಿಂದ ದುಡ್ಡೋ ಬಿಟ್ಟಿ ಸಾಮಾನೋ ಪಡೆದವರು ಅದನ್ನು ಹೇಳಿಕೊಳ್ಳಬೇಕು ಅಂತ ಗ್ರಾಹಕರ ಹಿತ ಕಾಯೋ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲೇ ಸ್ಪಷ್ಟಪಡಿಸಿತು. ಆದರೆ ಒಡತಿಯ ಹೆಸರಿನಲ್ಲಿ ಇನ್ಯಾರೋ ಕೂತು ಬರೆದ ಅಜ್ಜಿ ಕಥೆಗೆ ಏನು ಮಾಡೋದು? ಆ ‘ನಾನು’ ಯಾರು ಅಂತ ಯಾರನ್ನು ಕೇಳೋದು?

ಈ ಗುಂಡಿ ನೋಡಿ, ಮೇಲಿಂದ ಮೂರನೇದು. ಬಣ್ಣ ಬೇರೆ ಇದೆ. ಇದು ನಮ್ಮಜ್ಜಿ ಡಬ್ಬಿಯದು. ಪ್ರಶ್ನೆ ಇದ್ದರೆ ಕೇಳಿ.