ಗುಳೆ ಹೋದ ನಮ್ಮ ಮಂದಿ ಟಿವಿಯೊಳಗ ಹ್ಯಾಂಗ ಕಾಣ್ತಾರ?

[ಪರದೆ: ಕಲಬುರಗಿ ರೈಲ್ವೆ ನಿಲ್ದಾಣ, ಮುಂಬೈ ಕಡೆ ಹೊರಟ ಉದ್ಯಾನ್ ಎಕ್ಸ್‌ಪ್ರೆಸ್]

ಶಹಾಪುರ, ಸುರಪುರ, ಚಿಂಚೋಳಿ, ಔರಾದ್ ಕಡೆಯಿಂದ ಮುಂಬೈ, ಪುಣೆ, ಹೈದರಾಬಾದ್‌ಗೆ ಗುಳೆ ಹೋಗೋರು ರಾಷ್ಟ್ರೀಯ ಚಾನೆಲ್‌ಗಳ ಕಣ್ಣಿಗೆ ಬೀಳೋದು ಹೆಚ್ಚಾಗಿ ಎರಡೇ ಹೊತ್ತಿನ್ಯಾಗ: ಸತ್ತಾಗ, ಇಲ್ಲಾ ಅವರಿಂದ ತೊಂದರೆ ಅಂದಾಗ. ಈ ಎರಡನೇದು ಹ್ಯಾಂಗ ತಯಾರಾಗ್ತದ? 2020ರ ಮೇ ತಿಂಗಳ ಕೊರೊನಾ ಸುದ್ದಿ ಬಿಚ್ಚಿ ನೋಡೋಣ್ರಿ.

[ಪರದೆ: ಆರೋಗ್ಯ ಇಲಾಖೆ ಬುಲೆಟಿನ್ ಮಾದರಿ]

ಆಗಿನ ಬುಲೆಟಿನ್‌ದಾಗ ಪ್ರತಿ ಸೋಂಕಿತರಿಗೂ ಒಂದು 'ಪಿ' ಸಂಖ್ಯೆ, ವಯಸ್ಸು, ಜಿಲ್ಲೆ, ಪಕ್ಕಕ್ಕ ಪ್ರಯಾಣದ ಹಿನ್ನೆಲೆ. ಕಲಬುರಗಿ, ಯಾದಗಿರಿ ಹೆಸರಿನ ಎದುರು ಸಾಲು ಸಾಲು 'ಮಹಾರಾಷ್ಟ್ರದಿಂದ ವಾಪಸ್'. ಇದನ್ನ ಎಣಿಸಿದ್ರು, ವಲಸಿಗರೇ ರೋಗ ತಂದಾರ ಅನ್ನೋ ಸುದ್ದಿ ಆತು.

ಎಣಿಕೆ ಸುಳ್ಳಲ್ಲ. ಎಷ್ಟು ಮಂದಿಗೆ ಪರೀಕ್ಷೆ ಮಾಡಿದ್ರು ಅನ್ನೋದನ್ನ ಬಿಟ್ಟಿದ್ದೇ ತಪ್ಪು. ವಾಪಸ್ ಬಂದವರನ್ನ ಶಾಲೆ, ಹಾಸ್ಟೆಲ್‌ದಾಗ ಕ್ವಾರಂಟೈನ್ ಮಾಡಿ, ಲಕ್ಷಣ ಇರ್ಲಿ ಬಿಡ್ಲಿ, ಗಂಟಲ ದ್ರವ ತಗೊಂಡ್ರು. ಊರಾಗ ಇದ್ದವರಿಗೆ ಹೆಚ್ಚಾಗಿ ಜ್ವರ, ಕೆಮ್ಮು ಇಲ್ಲಾ ಸೋಂಕಿತರ ಸಂಪರ್ಕ ಇದ್ರ ಮಾತ್ರ. ತಿಳಿಯೋದಕ್ಕ ಒಂದು ಲೆಕ್ಕ ಹಿಡೀರಿ: ಬಂದ 1,000 ಮಂದಿಗೂ ಪರೀಕ್ಷೆ ಆಗಿ 30 ಪಾಸಿಟಿವ್, ಅಂದ್ರ ಶೇ 3. ಊರಿನ 50 ಮಂದಿಗೆ ಪರೀಕ್ಷೆ ಆಗಿ 5 ಪಾಸಿಟಿವ್, ಅಂದ್ರ ಶೇ 10. ಟಿವಿಯೊಳಗ ಬರೋದು '35ರಾಗ 30 ವಲಸಿಗರು'. ಹಂಗಂತ ಊರಿನವರೇ ಹೆಚ್ಚು ಅನ್ನೋದಕ್ಕೂ ಬರಂಗಿಲ್ಲ, ಯಾಕಂದ್ರ ಪರೀಕ್ಷೆಗೆ ಆರಿಸಿದ ರೀತಿನೇ ಬ್ಯಾರೆ. ಹೋಲಿಸಬಾರದ ಎರಡು ಗುಂಪನ್ನ ಹೋಲಿಸಿ ಬಡವರ ಮ್ಯಾಲೆ ಹಾಕಿದ್ರು, ಇದು ಅನ್ಯಾಯ.

ಅದೇ ವರ್ಷ ತಬ್ಲೀಗಿ ಜಮಾತ್ ಅನ್ನೋ ಮುಸ್ಲಿಂ ಧಾರ್ಮಿಕ ಸಂಘಟನೆಯ ಸುದ್ದಿಯೊಳಗೂ ಇದೇ ಆತು. ದೆಹಲಿಯ ಅದರ ಸಭೆಗೆ ಹೋಗಿ ಬಂದವರನ್ನ ಹುಡುಕಿ ಹುಡುಕಿ ಪರೀಕ್ಷೆ ಮಾಡಿ, ಆ ಸಂಖ್ಯೆಯನ್ನ ಇಡೀ ಸಮುದಾಯದ ಮ್ಯಾಲೆ ಹೊರಿಸಿದ್ರು. ಇದರ ಬಗ್ಗೆ ಬೆಂಗಳೂರಿನ ನಾಗರಿಕರ ಗುಂಪೊಂದು ದೂರು ಕೊಟ್ಟು, 2021ರ ಜೂನ್‌ದಾಗ ಎರಡು ಕನ್ನಡ ಚಾನೆಲ್‌ಗಳಿಗೆ ದಂಡ ಬಿತ್ತು: ಒಂದಕ್ಕ 1 ಲಕ್ಷ, ಇನ್ನೊಂದಕ್ಕ 50 ಸಾವಿರ ರೂಪಾಯಿ.

[ಪರದೆ: ಕರ್ನಾಟಕ, ತೆಲಂಗಾಣ, ಮಹಾರಾಷ್ಟ್ರ ಗಡಿ ನಕ್ಷೆ]

ಲಂಬಾಣಿಗರ ಸುದ್ದಿ ಬಂದಾಗ ಇನ್ನೊಂದು ಗೊಂದಲ. ಚಿಂಚೋಳಿ ತಾಂಡಾದಾಗ ಅವರು ಪರಿಶಿಷ್ಟ ಜಾತಿ. ಗಡಿ ದಾಟಿ ತಾಂಡೂರಿನ್ಯಾಗ ಪರಿಶಿಷ್ಟ ಪಂಗಡ. ಸೋಲಾಪುರದಾಗ ವಿಮುಕ್ತ ಜಾತಿ, ಅಂದ್ರ ಮಹಾರಾಷ್ಟ್ರದ ಬ್ಯಾರೆನೇ ಒಂದು ಮೀಸಲಾತಿ ವರ್ಗ. ದೆಹಲಿಯಾಗ ಕೂತು ಬರೆಯೋರು ಎಲ್ಲರನ್ನೂ 'ಆದಿವಾಸಿ' ಅಂದುಬಿಟ್ರ, ಗುಳೆ ಹೋದ ಕುಟುಂಬದ ನಿಜವಾದ ಕಷ್ಟ ಮುಚ್ಚಿಹೋಗ್ತದ: ಇಲ್ಲಿನ ಜಾತಿ ಪ್ರಮಾಣಪತ್ರ ತೋರಿಸಿದ್ರ ಅಲ್ಲಿ ರಾಜ್ಯದ ಮೀಸಲಾತಿ ಸಿಗಂಗಿಲ್ಲ.

ಯಾರು ಮಾತಾಡ್ತಾರ ಅನ್ನೋದನ್ನೂ ನೋಡ್ರಿ. 2020ರ ಮೇ ಮೊದಲ ವಾರ ಬಿಲ್ಡರ್‌ಗಳ ಜೋಡಿ ಸಭೆ ಆದಮ್ಯಾಲೆ ರಾಜ್ಯ ಸರ್ಕಾರ ವಲಸಿಗರನ್ನ ಅವರ ಊರಿಗೆ ಮುಟ್ಟಿಸೋ ಶ್ರಮಿಕ್ ರೈಲು ನಿಲ್ಲಿಸಿ, ಟೀಕೆ ಬಂದಮ್ಯಾಲೆ ಮತ್ತ ಬಿಟ್ಟಿತು. ಇಂಥ ಚರ್ಚೆ ಬಂದಾಗ ವಿಡಿಯೋ ತಡೆದು, ಪರದೆ ಮ್ಯಾಲೆ ಯಾರ ಕೆಳಗ ಅವರ ಹೆಸರು ಬರ್ತದ ಅಂತ ಬರಕೊಳ್ರಿ. ಮಂತ್ರಿ, ಬಿಲ್ಡರ್, ವಕ್ತಾರರಿಗೆ ಹೆಸರು ಇದ್ದು, ಗಂಟು ಹೊತ್ತವರ ದೃಶ್ಯದ ಮ್ಯಾಲೆ ಆ್ಯಂಕರ್ ದನಿ ಅಷ್ಟೇ ಇದ್ರ, ಅವರ ಮಾತನ್ನ ಯಾರೂ ಕೇಳಿಲ್ಲ ಅಂತಲೇ ಅರ್ಥ.

[ಪರದೆ: ದೂರಿನ ಹಂತಗಳು]

ಟಿವಿ ಮ್ಯಾಲೆ ದೂರು ಕೊಡೋದು ಹೀಂಗ. ಮೊದಲು ಸ್ಕ್ರೀನ್ ರೆಕಾರ್ಡ್ ಮಾಡ್ರಿ, ಲಿಂಕ್ ಅಳಿಸಿಬಿಡ್ತಾರ. 'ಈ ಚಾನೆಲ್ ಸರಿ ಇಲ್ಲ' ಅಂತ ಬರದ್ರ ದೂರು ನಿಲ್ಲಂಗಿಲ್ಲ. ತಾರೀಖು, ಕಾರ್ಯಕ್ರಮ, ಎಷ್ಟನೇ ನಿಮಿಷ, ಆಡಿದ ಮಾತು ಹಂಗೇ ಬೇಕು. ಸಮುದಾಯದ ಮ್ಯಾಲಿನ ದಾಳಿ ಆದ್ರ 1994ರ ಕೇಬಲ್ ಟಿವಿ ನಿಯಮ 6(1)(ಸಿ) ಹೆಸರಿಸ್ರಿ. ಚಾನೆಲ್‌ನವರು 24 ತಾಸಿನ್ಯಾಗ ದೂರು ಮುಟ್ಟಿದೆ ಅನ್ನಬೇಕು, 15 ದಿನದಾಗ ಉತ್ತರ ಕೊಡಬೇಕು. ಒಪ್ಪಿಗೆ ಆಗ್ಲಿಲ್ಲಂದ್ರ ಮತ್ತ 15 ದಿನದೊಳಗ ಆ ಚಾನೆಲ್ ಸದಸ್ಯ ಇರೋ ಸ್ವನಿಯಂತ್ರಣ ಸಂಸ್ಥೆಗೆ (ಚಾನೆಲ್‌ಗಳೇ ತಮ್ಮ ಮ್ಯಾಲೆ ನಿಗಾ ಇಡಾಕ ಕಟ್ಟಿಕೊಂಡದ್ದು) ಮೇಲ್ಮನವಿ. ಎಲ್ಲ ಚಾನೆಲ್ ಒಂದೇ ಸಂಸ್ಥೆಯವಲ್ಲ, ನೋಡಿ ಕಳಿಸ್ರಿ.

ಪತ್ರಿಕೆ ಆದ್ರ ಮೊದಲು ಸಂಪಾದಕರಿಗೆ ಪತ್ರ, ಆಮ್ಯಾಲೆ ಭಾರತೀಯ ಪತ್ರಿಕಾ ಮಂಡಳಿಗೆ. ದಿನಪತ್ರಿಕೆಗೆ ಗಡುವು ಅಚ್ಚಾದ ದಿನದಿಂದ 2 ತಿಂಗಳು. ಸುದ್ದಿಯ ತುಣುಕು, ಸಂಪಾದಕರಿಗೆ ಬರೆದ ಪತ್ರದ ಪ್ರತಿ ಜೋಡಿಸ್ರಿ. ಕನ್ನಡ ಸುದ್ದಿ ಇದ್ರ ಇಂಗ್ಲಿಷ್ ಅನುವಾದನೂ. ಮಂಡಳಿ ದಂಡ ಹಾಕಂಗಿಲ್ಲ, ಎಚ್ಚರಿಕೆ, ಖಂಡನೆ ಅಷ್ಟೇ ಅದರ ಕೈಯಾಗಿರೋದು. ಟಿವಿ ದೂರು ಅಲ್ಲಿ ನಡೆಯಂಗಿಲ್ಲ.