ಪೋರ್ಟೋಪ್ರಿನ್ಸಿನಲ್ಲಿ ಒಬ್ಬ ಹೆಡ್‌ಮಾಸ್ಟರ್

ಸ್ನೇಹಿತರೇ,

ಎಬೆನೀಜರ್ ಬ್ಯಾಸೆಟ್ ಎಂಬ ಹೆಸರನ್ನು ನಿಮ್ಮಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಅಮೆರಿಕನ್ನರೇ ಅವರನ್ನು ಬಹುಕಾಲ ಮರೆತಿದ್ದರು. 1869ರಲ್ಲಿ ಬ್ಯಾಸೆಟ್ ಅವರನ್ನು ಅಮೆರಿಕದ ಅಧ್ಯಕ್ಷ ಗ್ರಾಂಟ್ ಕೆರಿಬಿಯನ್ ಸಮುದ್ರದ ಹೈಟಿ ದೇಶಕ್ಕೆ ರಾಯಭಾರಿಯಾಗಿ ನೇಮಿಸಿದಾಗ, ಆ ಬಗೆಯ ಹುದ್ದೆಗೇರಿದ ಮೊದಲ ಕಪ್ಪು ಅಮೆರಿಕನ್ ಅವರಾದರು. ಅಮೆರಿಕದಲ್ಲಿ ಗುಲಾಮಗಿರಿ ರದ್ದಾಗಿ ಆಗಿನ್ನೂ ನಾಲ್ಕು ವರ್ಷ ತುಂಬಿರಲಿಲ್ಲ.

ಬ್ಯಾಸೆಟ್ ಹುಟ್ಟಿದ್ದು 1833ರಲ್ಲಿ, ಕನೆಕ್ಟಿಕಟ್ ರಾಜ್ಯದಲ್ಲಿ. ಅಲ್ಲಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ಓದಿದ ಮೊದಲ ಕಪ್ಪು ವಿದ್ಯಾರ್ಥಿ ಅವರೇ. ಮುಂದೆ ಫಿಲಡೆಲ್ಫಿಯಾದಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಕಪ್ಪು ಮಕ್ಕಳಿಗಾಗಿ ನಡೆಸುತ್ತಿದ್ದ ಶಾಲೆಗೆ ಮುಖ್ಯೋಪಾಧ್ಯಾಯರಾಗಿ, ಸುಮಾರು ಹನ್ನೆರಡು ವರ್ಷ ಅದನ್ನು ಮುನ್ನಡೆಸಿದರು. ಗ್ರೀಕ್, ಲ್ಯಾಟಿನ್, ಗಣಿತ ಕಲಿಸುವ ಶಾಲೆ ಅದು. ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿದ್ದ ಕಾಲದಲ್ಲಿ! ಅಂತರ್ಯುದ್ಧ ಬಂದಾಗ ಕಪ್ಪು ಯುವಕರನ್ನು ಸೇನೆಗೆ ಸೇರಿಸಲು ದುಡಿದವರಲ್ಲಿಯೂ ಅವರಿದ್ದರು.

ಇನ್ನು ಹೈಟಿಯ ಮಾತು. ಗುಲಾಮರೇ ಬಂಡೆದ್ದು ಫ್ರೆಂಚರನ್ನು ಓಡಿಸಿ 1804ರಲ್ಲಿ ಕಟ್ಟಿದ ದೇಶ ಅದು. ಅಮೆರಿಕ ಅದಕ್ಕೆ ಮಾನ್ಯತೆ ಕೊಟ್ಟದ್ದು 1862ರಲ್ಲಿ. ಐವತ್ತೆಂಟು ವರ್ಷ ತಡ ಏಕೆಂದರೆ, ಗುಲಾಮರ ಒಡೆಯರಿಗೆ ಆ ದೇಶದ ಹೆಸರೇ ಭಯ.

ಬ್ಯಾಸೆಟ್ ಅಲ್ಲಿನ ರಾಜಧಾನಿ ಪೋರ್ಟೋಪ್ರಿನ್ಸಿಗೆ ಕಾಲಿಟ್ಟಾಗ ದೇಶದಲ್ಲಿ ಅಂತರ್ಯುದ್ಧ ನಡೆದಿತ್ತು. ಆದರೆ ಅವರಿಗೆ ನಿಜವಾದ ಪರೀಕ್ಷೆ ಎದುರಾದದ್ದು 1875ರ ಮೇ ತಿಂಗಳಲ್ಲಿ. ಅಧ್ಯಕ್ಷ ಡೊಮಿಂಗ್ ತನ್ನ ಎದುರಾಳಿಗಳನ್ನು ಹಿಡಿದು ಕೊಲ್ಲಿಸಲು ಹೊರಟಾಗ, ಬುವರೋನ್ ಕನಾಲ್ ಎಂಬ ಸೇನಾ ನಾಯಕ ಪ್ರಾಣ ಉಳಿಸಿಕೊಳ್ಳಲು ಬ್ಯಾಸೆಟ್ ಅವರ ಮನೆಯೊಳಗೆ ನುಗ್ಗಿದ. ಸಾವಿರಕ್ಕೂ ಹೆಚ್ಚು ಸೈನಿಕರು ಮನೆಯನ್ನು ಸುತ್ತುವರಿದರು. ವಾಷಿಂಗ್ಟನ್‌ನಲ್ಲಿದ್ದ ವಿದೇಶಾಂಗ ಸಚಿವ ಹ್ಯಾಮಿಲ್ಟನ್ ಫಿಶ್ ಅವರಿಗೆ ಈ ಆಶ್ರಯ ಹಿಡಿಸಲಿಲ್ಲ. ಊರಿನ ಸರ್ಕಾರವೂ ವಿರುದ್ಧ, ತನ್ನ ಸರ್ಕಾರವೂ ಬೆನ್ನಿಗಿಲ್ಲ. ಹೀಗೆ ಐದು ತಿಂಗಳು ಕಳೆಯಿತು. ಬ್ಯಾಸೆಟ್ ಆ ಮನುಷ್ಯನನ್ನು ಬಿಟ್ಟುಕೊಡಲಿಲ್ಲ. ಕೊನೆಗೆ ಅಕ್ಟೋಬರ್‌ನಲ್ಲಿ ಡೊಮಿಂಗ್ ಸರ್ಕಾರ ಮಣಿಯಿತು. ಕನಾಲ್ ಸುರಕ್ಷಿತವಾಗಿ ಹಡಗು ಹತ್ತಿದ. ಮರುವರ್ಷ ಡೊಮಿಂಗ್ ಪದಚ್ಯುತನಾದ, ಕನಾಲ್ ಹೈಟಿಯ ಅಧ್ಯಕ್ಷನಾದ.

ಇದನ್ನು ರಾಜತಾಂತ್ರಿಕ ಜಾಣ್ಮೆ ಎಂದು ಹೊಗಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕನಾಲ್ ಗೆಲ್ಲುತ್ತಾನೆಂದು ಆ ಮೇ ತಿಂಗಳಲ್ಲಿ ಯಾರೂ ಹೇಳುವಂತಿರಲಿಲ್ಲ. ಅದು ಮೇಲಧಿಕಾರಿ ಗದರಿದರೂ ತನ್ನ ಹುಡುಗರನ್ನು ಬಿಟ್ಟುಕೊಡದ ಹಳೆಯ ಹೆಡ್‌ಮಾಸ್ಟರರ ಹಟ.

1877ರಲ್ಲಿ ಅವರ ಹುದ್ದೆ ಮುಗಿಯಿತು. ಆಮೇಲೆ ಅವರನ್ನು ಕೆಲಸಕ್ಕೆ ಕರೆದದ್ದು ಹೈಟಿ: ನ್ಯೂಯಾರ್ಕ್‌ನಲ್ಲಿ ಆ ದೇಶದ ಕಾನ್ಸುಲ್ ಜನರಲ್ ಆಗಿ ಸುಮಾರು ಹತ್ತು ವರ್ಷ ದುಡಿದರು. 1889ರಲ್ಲಿ ಮತ್ತೆ ರಾಯಭಾರಿಯಾಗುವ ಆಸೆ ಇಟ್ಟುಕೊಂಡಿದ್ದರು. ಆ ಪದವಿ ಸಿಕ್ಕಿದ್ದು ಗುಲಾಮಗಿರಿಯ ವಿರುದ್ಧ ಹೋರಾಡಿದ ಹೆಸರಾಂತ ಕಪ್ಪು ನಾಯಕ ಫ್ರೆಡರಿಕ್ ಡಗ್ಲಾಸ್ ಅವರಿಗೆ. ಬೇಸರಪಟ್ಟುಕೊಂಡು ದೂರ ನಿಲ್ಲುವ ಬದಲು, ಬ್ಯಾಸೆಟ್ ಡಗ್ಲಾಸರ ಕಾರ್ಯದರ್ಶಿಯಾಗಿ, ಫ್ರೆಂಚ್ ದುಭಾಷಿಯಾಗಿ ಹೈಟಿಗೆ ಹೊರಟರು. ಹೈಟಿಯ ಮೋಲ್ ಸೇಂಟ್ ನಿಕೊಲಾಸ್ ಬಂದರನ್ನು ನೌಕಾನೆಲೆಗಾಗಿ ಪಡೆಯಲು ಅಮೆರಿಕ ಒತ್ತಡ ಹೇರಿದ ದಿನಗಳವು. ಹೈಟಿ 1891ರಲ್ಲಿ ಕೊಡುವುದಿಲ್ಲವೆಂದಿತು, ಡಗ್ಲಾಸ್ ಅದೇ ವರ್ಷ ರಾಜೀನಾಮೆ ಕೊಟ್ಟರು. ಬ್ಯಾಸೆಟ್ ತೀರಿಕೊಂಡದ್ದು 1908ರಲ್ಲಿ.

ಇಷ್ಟು ಹೇಳಿದ ಮೇಲೂ ಫಿಶ್ ಅವರ ಪರವಾಗಿ ಒಂದು ವಾದ ಉಳಿಯುತ್ತದೆ: ಪರದೇಶದ ರಾಜಕೀಯದಲ್ಲಿ ರಾಯಭಾರಿ ಎಷ್ಟರ ಮಟ್ಟಿಗೆ ಕೈಹಾಕಬಹುದು? ಪ್ರಶ್ನೋತ್ತರದಲ್ಲಿ ಅದನ್ನೇ ಮೊದಲು ಎತ್ತಿಕೊಳ್ಳೋಣ.